ಹಳದಿ ವ್ಯಾನು ಮತ್ತು ಸೋರುವ ಕೊಠಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಮಂಡ್ಯದಲ್ಲಿ ನಮ್ಮ ಬೀದಿಗೆ ಬೆಳಿಗ್ಗೆ ಏಳೂವರೆಗೆ ಹಳದಿ ಬಣ್ಣದ ಶಾಲಾ ವ್ಯಾನು ಬರುತ್ತದೆ. ಅದು ತಿರುವಿನಲ್ಲಿ ಹಾರನ್ ಹೊಡೆಯುವ ಹೊತ್ತಿಗೆ, ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುವ ಹೆಣ್ಣುಮಗಳು ತನ್ನ ಮಗಳ ಕೈ ಹಿಡಿದು ಕಾದು ನಿಂತಿರುತ್ತಾಳೆ. ಮಗುವಿನ ಕೊರಳಲ್ಲಿ ಟೈ, ಕಾಲಲ್ಲಿ ಪಾಲಿಷ್ ಹಾಕಿದ ಕಪ್ಪು ಬೂಟು. ತಾಯಿಯ ಕಾಲಲ್ಲಿ ಉಂಗುಷ್ಠ ಕಿತ್ತು ಪಿನ್ನು ಚುಚ್ಚಿದ ಹವಾಯಿ ಚಪ್ಪಲಿ. ಅವರ ಮನೆಯಿಂದ ಐದು ನಿಮಿಷ ನಡೆದರೆ ಸರ್ಕಾರಿ ಶಾಲೆ ಇದೆ. ಅಲ್ಲಿ ಪುಸ್ತಕ, ಸಮವಸ್ತ್ರ, ಹಾಲು, ಬಿಸಿಯೂಟ ಎಲ್ಲವೂ ಉಚಿತ. ಆ ಶಾಲೆಯಲ್ಲಿ ನಾನು ಹದಿನಾಲ್ಕು ವರ್ಷ ಪಾಠ ಮಾಡಿದ್ದೇನೆ.

ಒಮ್ಮೆ ಅವಳನ್ನು ಕೇಳಿದೆ. ಎರಡನೇ ಕಂತು ಕಟ್ಟಲು ಕಿವಿಯ ಓಲೆ ಅಡವಿಟ್ಟೆ ಎಂದು ಅವಳು ಹೇಳಿದ ದಿನ. "ಇಷ್ಟು ಕಷ್ಟಪಟ್ಟು ಯಾಕಮ್ಮ ಅಲ್ಲಿಗೆ ಕಳುಹಿಸುತ್ತೀಯ?" ಅವಳು ಕೈಯಲ್ಲಿದ್ದ ತಪ್ಪಲೆಯನ್ನು ಕೆಳಗಿಟ್ಟು ನನ್ನನ್ನೇ ನೋಡಿದಳು. "ನಮ್ಮನ್ನು ಆಳುವವರ ಮಕ್ಕಳು ಸರ್ಕಾರಿ ಶಾಲೆಯಲ್ಲಿ ಓದುತ್ತಾರಾ ಮೇಡಂ? ನಿಮ್ಮ ಮಗ ಓದಿದನಾ?"

ನನ್ನ ಮಗ ಓದಿದ್ದು ಖಾಸಗಿ ಶಾಲೆಯಲ್ಲಿ. ಸರ್ಕಾರದ ಸಂಬಳ ತೆಗೆದುಕೊಂಡು ಊರ ಮಕ್ಕಳಿಗೆ ಪಾಠ ಹೇಳಿದ ನಾನು, ನನ್ನ ಮಗನನ್ನು ಆ ಬೆಂಚಿನ ಮೇಲೆ ಕೂರಿಸಲಿಲ್ಲ. ಈ ಮಾತನ್ನು ಮೊದಲು ಒಪ್ಪಿಕೊಂಡೇ ಮುಂದೆ ಹೋಗಬೇಕು.

ನಾಯಕನೊಬ್ಬ ಎಲ್ಲಿ ಓದಿದ ಎಂಬುದು ಜನರಿಗೆ ಯಾಕೆ ಇಷ್ಟು ಮುಖ್ಯವಾಗುತ್ತದೆ? ಇಂಗ್ಲೆಂಡಿನಲ್ಲಿ ಈ ಪ್ರಶ್ನೆಗೆ ತಲೆಮಾರುಗಳ ವಯಸ್ಸಾಗಿದೆ. ಈಟನ್ ಎಂಬ ಒಂದೇ ಶಾಲೆಯಿಂದ ಆ ದೇಶಕ್ಕೆ ಇಪ್ಪತ್ತು ಪ್ರಧಾನಿಗಳು ಬಂದಿದ್ದಾರೆ. ಅಲ್ಲಿ ಖಾಸಗಿ ಶಾಲೆಗೆ ಹೋಗುವ ಮಕ್ಕಳು ನೂರಕ್ಕೆ ಏಳರಷ್ಟು ಮಾತ್ರ. 2022ರ ಅಕ್ಟೋಬರಿನಲ್ಲಿ ರಿಷಿ ಸುನಕ್ ಪ್ರಧಾನಿಯಾದಾಗ ನಮ್ಮ ಮೈಸೂರು ಸೀಮೆಯಲ್ಲಿ ಎಷ್ಟು ಹಿಗ್ಗಿದೆವು! ಅವರ ಮಾವ ನಾರಾಯಣಮೂರ್ತಿಯವರು ಮೈಸೂರಿನ ಎನ್‌ಐಇ ಕಾಲೇಜಿನಲ್ಲಿ ಓದಿ 1967ರಲ್ಲಿ ಎಂಜಿನಿಯರ್ ಆದವರು. ಹಾಗಾಗಿ ಆತ ನಮ್ಮ ಅಳಿಯ. ಆದರೆ ಅಲ್ಲಿನ ಮತದಾರ ಅವರಲ್ಲಿ ಕಂಡದ್ದು ಬೇರೆ. ತಂದೆ ವೈದ್ಯರು, ತಾಯಿ ಔಷಧದಂಗಡಿ ನಡೆಸುತ್ತಿದ್ದವರು. ಹೊಟ್ಟೆಬಟ್ಟೆ ಕಟ್ಟಿ ಮಗನನ್ನು ವಿಂಚೆಸ್ಟರ್ ಕಾಲೇಜಿಗೆ ಕಳುಹಿಸಿದೆವು ಎಂಬುದು ಆ ಕುಟುಂಬದ ಕಥೆ. 1382ರಲ್ಲಿ ಬಡ ವಿದ್ಯಾರ್ಥಿಗಳಿಗೆಂದೇ ಸ್ಥಾಪನೆಯಾದ ಆ ಶಾಲೆ ಇಂದು ದೇಶದ ಅತಿ ದುಬಾರಿ ಶಾಲೆಗಳಲ್ಲೊಂದು. 2024ರ ಚುನಾವಣೆಯ ಹೊತ್ತಿನಲ್ಲಿ, ಬಾಲ್ಯದಲ್ಲಿ ನಿಮಗೆ ಇಲ್ಲದೇ ಹೋದದ್ದು ಏನು ಎಂದು ಸಂದರ್ಶಕರು ಕೇಳಿದರು. ಇಲ್ಲದೇ ಹೋದದ್ದು ಬಹಳಷ್ಟಿತ್ತು, ಮನೆಯಲ್ಲಿ ಸ್ಕೈ ಟಿವಿ ಇರಲಿಲ್ಲ ಎಂದರು. ಕಾಸು ಕೊಟ್ಟು ಹಾಕಿಸಿಕೊಳ್ಳುವ ಟಿವಿ ಅದು. ಮನೆ ಬೆಚ್ಚಗಿಡುವುದಕ್ಕೂ ಊಟಕ್ಕೂ ಲೆಕ್ಕ ಹಾಕುತ್ತಿದ್ದ ಜನರಿಗೆ ಆ ಉತ್ತರ ಹೇಗೆ ಕೇಳಿಸಿರಬೇಕು? ಆತ ಸುಳ್ಳು ಹೇಳಲಿಲ್ಲ ಎಂದೇ ನಾನು ನಂಬುತ್ತೇನೆ. ಕೊರತೆ ಎಂದರೆ ಏನೆಂದು ಯೋಚಿಸಿದಾಗ ಅವರ ನೆನಪಿಗೆ ಬಂದದ್ದೇ ಅದು. ನನ್ನನ್ನು ಕಾಡುವುದು ಆ ಪ್ರಾಮಾಣಿಕತೆಯೇ. ಒಂದೇ ಬಗೆಯ ಮನೆಗಳ ಮಕ್ಕಳು ಒಂದೇ ಕಾಂಪೌಂಡಿನೊಳಗೆ ಬೆಳೆದರೆ, ಆಚೆಯ ಮಗುವಿನ ಹಸಿವು ಅವರ ಅನುಭವಕ್ಕೆ ಎಟುಕುವುದಿಲ್ಲ.

ಹಾಗೆಂದು ಸಿರಿವಂತಿಕೆಯಲ್ಲಿ ಓದಿದವರೆಲ್ಲ ಜನರಿಗೆ ದೂರವೇ? ಮಂಡ್ಯದ ರೈತರ ಮನೆಗಳನ್ನು ನೋಡಿ. ನಡುಮನೆಯಲ್ಲಿ ದೇವರ ಪಟಗಳ ಪಕ್ಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಪಟ ಇರುತ್ತದೆ. ನಾಲ್ವಡಿಯವರು ಸಾಮಾನ್ಯ ಶಾಲೆಯ ಬೆಂಚಿನ ಮೇಲೆ ಕುಳಿತವರಲ್ಲ. ಫ್ರೇಜರ್ ಎಂಬ ಬ್ರಿಟಿಷ್ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ, ಅರಮನೆಯ ಆಶ್ರಯದಲ್ಲೇ ಅವರ ವಿದ್ಯಾಭ್ಯಾಸ ನಡೆಯಿತು. ಅದಕ್ಕಿಂತ ಖಾಸಗಿಯಾದ ಶಿಕ್ಷಣ ಇನ್ನಾವುದಿದೆ? ಆದರೂ ನಮ್ಮ ಜನ ಅದನ್ನು ಎತ್ತಿ ಆಡುವುದಿಲ್ಲ. ಕನ್ನಂಬಾಡಿಯ ನೀರು ಒಂದು ಕಾರಣ, ಸರಿ. ಶಿಕ್ಷಕಿಯಾದ ನಾನು ಇನ್ನೆರಡನ್ನು ಹೇಳುತ್ತೇನೆ. 1913ರಲ್ಲಿ ಪ್ರಾಥಮಿಕ ಶಿಕ್ಷಣದ ಕಾಯಿದೆ ತಂದು, ಕಡ್ಡಾಯ ಕಲಿಕೆಗೆ ದಾರಿ ಮಾಡಿದರು. 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿ, ಹಿಂದುಳಿದವರಿಗೆ ವಿದ್ಯೆ ಮತ್ತು ಉದ್ಯೋಗದಲ್ಲಿ ಪಾಲು ಸಿಗುವಂತೆ ನೋಡಿಕೊಂಡರು. ಇನ್ನೊಬ್ಬರ ಮಕ್ಕಳು ಎಲ್ಲಿ ಓದುತ್ತಾರೆ ಎಂಬ ಚಿಂತೆ ಅರಮನೆಯೊಳಗೆ ಹೊಕ್ಕಿತ್ತು.

ಇನ್ನೊಂದು ಬದಿಗೆ ಬನ್ನಿ. 2013ರಲ್ಲಿ ಮತ್ತೆ 2023ರಲ್ಲಿ ಮುಖ್ಯಮಂತ್ರಿಯಾದ ಸಿದ್ದರಾಮಯ್ಯನವರು ಮೈಸೂರು ಜಿಲ್ಲೆಯ ಸಿದ್ದರಾಮನಹುಂಡಿಯವರು. ಹತ್ತು ವರ್ಷ ತುಂಬುವವರೆಗೆ ಶಾಲೆಯ ಮೆಟ್ಟಿಲು ಹತ್ತದೆ, ವೀರಮಕ್ಕಳ ಕುಣಿತ ಕಲಿಯುತ್ತಿದ್ದ ಹುಡುಗ. ಈ ಕಥೆಯನ್ನು ಹೇಳುವಾಗ, ಅವರ ಪಕ್ಷಕ್ಕೆ ಎಂದೂ ಮತ ಹಾಕದವರ ದನಿಯಲ್ಲೂ ಒಂದು ಆಪ್ತತೆ ಇಣುಕುವುದನ್ನು ನಾನು ಕೇಳಿದ್ದೇನೆ. 'ನಮ್ಮ ಹಾಗೆ ಬೆಳೆದವರು' ಎನ್ನುತ್ತಾರೆ. ಹಾಗೆ ಹೇಳಿ ಎದ್ದುಹೋಗಿ, ಮಗನ ಡೊನೇಷನ್ನಿಗೆ ಸೊಸೈಟಿಯಲ್ಲಿ ಸಾಲ ಕೇಳುತ್ತಾರೆ. ನಾಯಕನ ಬಾಲ್ಯದಲ್ಲಿ ನಮಗೆ ಸರ್ಕಾರಿ ಶಾಲೆ ಬೇಕು, ನಮ್ಮ ಮಕ್ಕಳ ಭವಿಷ್ಯದಲ್ಲಿ ಬೇಡ. ಅವರನ್ನು ನಾನು ದೂರುವುದಿಲ್ಲ, ನಾನೂ ಅವರಲ್ಲೊಬ್ಬಳು. ಆದರೆ ಹೀಗೆ ನಾವು ಒಬ್ಬೊಬ್ಬರಾಗಿ ಎದ್ದುಹೋದಾಗ ಆ ಶಾಲೆಗೆ ಏನಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಾನು ಸೇವೆಗೆ ಸೇರಿದ ಹೊಸತರಲ್ಲಿ ನಮ್ಮ ಐದನೇ ತರಗತಿಯ ಕೊಠಡಿಗೆ ಮಂಗಳೂರು ಹೆಂಚಿನ ಮಾಡು ಇತ್ತು. ಒಂದು ಮಳೆಗಾಲ ಅದು ಮೂರನೇ ಸಾಲಿನ ಮೇಲೆ ಸೋರತೊಡಗಿತು. ಆ ಸಾಲಿನಲ್ಲಿ ಬ್ಯಾಂಕ್ ನೌಕರರೊಬ್ಬರ ಮಗಳು ಕೂರುತ್ತಿದ್ದಳು. ಆಕೆಯ ತಂದೆ ಮರುದಿನವೇ ಬಂದರು. ಅಂದವಾದ ಅಕ್ಷರದಲ್ಲಿ ಅರ್ಜಿ ಬರೆದರು. ಕಚೇರಿಗೆ ಮೂರು ಸಲ ಹೋದರು, ಅಲ್ಲಿ ಕುರ್ಚಿ ಎಳೆದುಕೊಂಡು ಕೂತರು, ಎಂಜಿನಿಯರನ್ನು ಕರೆತಂದರು. ತಿಂಗಳೊಳಗೆ ಹೆಂಚು ಬದಲಾಯಿತು.

ಕೆಲವು ವರ್ಷಗಳಲ್ಲಿ ಪಕ್ಕದ ಬಡಾವಣೆಯಲ್ಲಿ ಖಾಸಗಿ ಶಾಲೆ ಬಂತು. ಆ ಜೂನ್‌ನಲ್ಲಿ ಬ್ಯಾಂಕಿನವರ, ಅಂಚೆ ಕಚೇರಿಯವರ, ಅಂಗಡಿಯವರ ಮಕ್ಕಳ ವರ್ಗಾವಣೆ ಪತ್ರಗಳಿಗೆ ನಾನೇ ಸಹಿ ಹಾಕಿದೆ. ಉಳಿದವರು ಕಬ್ಬು ಕಡಿಯುವವರ, ಆಲೆಮನೆಯ ಕೂಲಿಗಳ ಮಕ್ಕಳು. ಹೆಂಚು ಮತ್ತೆ ಸೋರಿತು. ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಸಭೆ ಕರೆದರೆ ಆ ತಂದೆತಾಯಿಯರಿಗೆ ಒಂದು ದಿನದ ಕೂಲಿ ಹೋಗುತ್ತದೆ. ಬಂದವರೂ ಬಾಗಿಲ ಬಳಿ ನಿಂತೇ ಕೇಳಿಸಿಕೊಂಡು ಹೋದರು. ನಾನು ಬರೆದ ಪತ್ರಗಳಿಗೆ ಮೂರು ಮಳೆಗಾಲ ಉತ್ತರ ಬರಲಿಲ್ಲ. ಒಬ್ಬ ಹುಡುಗ ತನ್ನ ಬಿಸಿಯೂಟದ ತಟ್ಟೆಯನ್ನು ತಂದು ಸೋರುವಲ್ಲಿ ಇಡುತ್ತಿದ್ದ. ಟಣ್, ಟಣ್ ಎಂದು ಹನಿ ಬೀಳುವ ಸದ್ದಿಗೆ ಮಕ್ಕಳು ಮಗ್ಗಿ ಹೇಳುತ್ತಿದ್ದರು. ಊಟದ ಹೊತ್ತಿಗೆ ಅವನು ಆ ನೀರು ಚೆಲ್ಲಿ, ಅದೇ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದ.

ಅದೇ ಶಾಲೆ, ಅದೇ ಇಲಾಖೆ, ಅದೇ ಹೆಂಚು. ಕುರ್ಚಿ ಎಳೆದುಕೊಂಡು ಕೂರಬಲ್ಲವರು ಇರಲಿಲ್ಲ, ಅಷ್ಟೇ.

1966ರಲ್ಲಿ ವರದಿ ಕೊಟ್ಟ ಕೊಠಾರಿ ಆಯೋಗ, ಬಡವ ಬಲ್ಲಿದ ಎನ್ನದೆ ನೆರೆಹೊರೆಯ ಮಕ್ಕಳೆಲ್ಲ ಒಂದೇ ಶಾಲೆಯಲ್ಲಿ ಓದಬೇಕು ಎಂದಿತ್ತು. 2015ರಲ್ಲಿ ಅಲಹಾಬಾದ್ ಹೈಕೋರ್ಟ್, ಅಧಿಕಾರಿಗಳೂ ಜನಪ್ರತಿನಿಧಿಗಳೂ ತಮ್ಮ ಮಕ್ಕಳನ್ನು ಸರ್ಕಾರಿ ಶಾಲೆಗೇ ಕಳುಹಿಸುವಂತೆ ಮಾಡಿ ಎಂದು ಉತ್ತರ ಪ್ರದೇಶ ಸರ್ಕಾರಕ್ಕೆ ಹೇಳಿತು. ಅದು ಜಾರಿಗೆ ಬರಲಿಲ್ಲ. ಶಿಕ್ಷಣ ಹಕ್ಕು ಕಾಯಿದೆಯಂತೆ ಖಾಸಗಿ ಶಾಲೆಗಳಲ್ಲಿ ನೂರಕ್ಕೆ ಇಪ್ಪತ್ತೈದು ಸೀಟು ಬಡ ಮಕ್ಕಳಿಗೆ ಇತ್ತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಆ ಸೀಟು ಇಲ್ಲ ಎಂದು ನಮ್ಮ ರಾಜ್ಯ 2019ರ ಸಾಲಿನಿಂದ ನಿಯಮ ತಿದ್ದಿತು. ಸರ್ಕಾರದ ಹಣ ಸರ್ಕಾರಿ ಶಾಲೆಗೇ ಸಲ್ಲಲಿ ಎಂಬ ವಾದಕ್ಕೆ ನಾನು ಅಂದು ತಲೆದೂಗಿದ್ದೆ. ಈಗ ಅನಿಸುತ್ತದೆ: ಬಡವರ ಮಗುವಿಗೆ 'ನಿನ್ನ ಶಾಲೆ ಇಲ್ಲಿದೆ, ಇಲ್ಲೇ ಓದು' ಎಂದೆವು. ಉಳ್ಳವರ ಮಗುವಿಗೆ ಆ ಮಾತನ್ನು ಯಾರೂ ಹೇಳಲಿಲ್ಲ.

ಯಾವ ಪಕ್ಷದ ಸರ್ಕಾರ ಬಂದರೂ ಶಾಲೆಗೆ ಏನಾದರೂ ಕೊಟ್ಟಿದೆ. ಸೈಕಲ್ ಬಂತು, 2013ರಲ್ಲಿ ಕ್ಷೀರಭಾಗ್ಯದ ಹಾಲು ಬಂತು, ಮೊಟ್ಟೆ ಬಂತು. ಹಾಲು ಕುಡಿದ ಮೇಲೆ ಮಕ್ಕಳ ಕಣ್ಣಿಗೆ ಬರುವ ಕಳೆಯನ್ನು ನಾನು ಬಲ್ಲೆ, ಅದನ್ನು ಹಗುರ ಮಾಡಿ ಮಾತನಾಡಲಾರೆ. ಆದರೆ ಗಣಿತದ ಮೇಷ್ಟ್ರಿಲ್ಲದೆ ವರ್ಷ ಕಳೆದರೆ ರಾತ್ರಿ ನಿದ್ದೆಗೆಡುವುದು ಆ ತರಗತಿಯಲ್ಲಿ ಮಗು ಇರುವ ತಂದೆ ತಾಯಿ ಮಾತ್ರ. ಅದಕ್ಕೇ ನಾನು ಈಗ ಮತ ಕೇಳಲು ಬಂದವರನ್ನು ನೀವು ಎಲ್ಲಿ ಓದಿದಿರಿ ಎಂದು ಕೇಳುವುದಿಲ್ಲ. ನಿಮ್ಮ ಮೊಮ್ಮಗು ಎಲ್ಲಿ ಓದುತ್ತಿದೆ ಎಂದು ಕೇಳುತ್ತೇನೆ. ಕಳೆದ ಸಲ ಒಬ್ಬರು ನನ್ನ ಮುಖ ನೋಡಿ ಸುಮ್ಮನಾದರು, ಕರಪತ್ರ ಕೊಟ್ಟು ಮುಂದಿನ ಮನೆಗೆ ಹೋದರು.

ಈ ಜೂನ್‌ನಲ್ಲಿ ನಮ್ಮ ಪಾತ್ರೆ ತೊಳೆಯುವ ಹೆಣ್ಣುಮಗಳು ಎರಡನೆಯ ಮಗುವನ್ನು ಸರ್ಕಾರಿ ಶಾಲೆಗೆ ಸೇರಿಸಿದಳು. ಎರಡು ವ್ಯಾನಿನ ದುಡ್ಡು ಕೊಡಲು ಆಗಲಿಲ್ಲ. ವಾರದ ನಂತರ ಬಂದು, ಅಲ್ಲಿ ಎರಡು ತರಗತಿಗಳಿಗೆ ಒಬ್ಬರೇ ಟೀಚರ್ ಇದ್ದಾರೆ ಮೇಡಂ ಎಂದಳು. ಅರ್ಜಿ ಬರೆಯೋಣ ಎಂದೆ. ಅಡುಗೆಮನೆಯ ಕಟ್ಟೆಯ ಮೇಲೆ ಕಾಗದ ಇಟ್ಟು ಬರೆದೆವು. ಅವಳು ಒದ್ದೆ ಕೈ ಒರೆಸಿಕೊಂಡು ಮೊದಲ ಸಹಿ ಹಾಕಿದಳು, ಆಮೇಲೆ ಬೀದಿ ಸುತ್ತಿ ಹನ್ನೊಂದು ಸಹಿ ತಂದಳು. ಸೋಮವಾರ ಕೆಲಸಕ್ಕೆ ರಜೆ ಹಾಕಿದ್ದಾಳೆ. ಇಬ್ಬರೂ ಕಚೇರಿಗೆ ಹೋಗುತ್ತಿದ್ದೇವೆ.

ನಮಸ್ಕಾರ.