ವೀಸಾಕ್ಕಿಂತ ಮುಂಚಿನ ಹಾಳೆ

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಕಾಲೇಜೊಂದರಿಂದ ಆಹ್ವಾನ ಬಂದಿದೆ ಎಂದು ಸಂತೋಷದಿಂದ ನನಗೆ ಫೋನ್ ಮಾಡುವ ನಮ್ಮ ಅಧ್ಯಾಪಕ ಮಿತ್ರರು ಸಾಮಾನ್ಯವಾಗಿ ಮೊದಲು ಕೇಳುವುದು ಒಂದೇ ಪ್ರಶ್ನೆ: “ವೀಸಾ ಸಂದರ್ಶನಕ್ಕೆ ಚೆನ್ನೈಗೆ ಯಾವಾಗ ಹೋಗಬೇಕು, ಮೇಡಂ?” ಅಮೆರಿಕದ ಒಂದು ಸಣ್ಣ ಕಾಲೇಜಿನಲ್ಲಿ, ಹೊರದೇಶಗಳಿಂದ ಬರುವ ವಿದ್ವಾಂಸರ ಕಾಗದಪತ್ರಗಳನ್ನು ಸಿದ್ಧಪಡಿಸುವ ಕಚೇರಿಯಲ್ಲಿ ನಾನು ಹಲವು ವರ್ಷ ಕೆಲಸ ಮಾಡಿದ್ದೇನೆ, ಅದಕ್ಕೂ ಮೊದಲು ನಾನೇ ಅಂಥ ವಿದ್ವಾಂಸಳಾಗಿ ಹೋಗಿ ಬಂದಿದ್ದೇನೆ. ಈ ಎರಡೂ ಅನುಭವಗಳ ಬಲದಿಂದ ನಾನು ಅವರಿಗೆ ಕೊಡುವ ಉತ್ತರವೂ ಒಂದೇ: ಚೆನ್ನೈಯ ವಿಚಾರ ಆಮೇಲೆ, ಕಾಲೇಜಿನವರು ನಿಮ್ಮ ಹೆಸರಿನಲ್ಲಿ ಒಂದು ಹಾಳೆ ಮುದ್ರಿಸುತ್ತಾರೆ, ಅದರಲ್ಲಿ ಏನು ಬರೆಯಲಿದ್ದಾರೆ ಎಂಬುದನ್ನು ಮುದ್ರಣಕ್ಕೆ ಮೊದಲೇ ಕೇಳಿ ತಿಳಿದುಕೊಳ್ಳಿ.

ಬೋಧನೆಗೋ ಸಂಶೋಧನೆಗೋ ಕೆಲವು ತಿಂಗಳು ಅಥವಾ ಕೆಲವು ವರ್ಷ ಅಮೆರಿಕದ ಕಾಲೇಜಿಗೆ ಹೋಗುವವರಲ್ಲಿ ಬಹಳ ಮಂದಿ ಹೋಗುವುದು ಜೆ-1 ಎಂಬ ವೀಸಾದ ಮೇಲೆ. 1961ರಲ್ಲಿ ಅಮೆರಿಕದ ಸಂಸತ್ತು ಶೈಕ್ಷಣಿಕ ಮತ್ತು ಸಾಂಸ್ಕೃತಿಕ ವಿನಿಮಯಕ್ಕಾಗಿ ಮಾಡಿದ ಕಾನೂನು ಇದರ ಮೂಲವಾಗಿದ್ದು, ಆ ದೇಶದ ವಿದೇಶಾಂಗ ಇಲಾಖೆ ಇದನ್ನು ನಡೆಸುತ್ತದೆ. ಕಾಲೇಜು ವೀಸಾ ಕೊಡುವುದಿಲ್ಲ, ಕೊಡಲಾರದು. ವಿದೇಶಾಂಗ ಇಲಾಖೆಯ ಮಾನ್ಯತೆ ಪಡೆದ ಕಾಲೇಜು ಡಿಎಸ್-2019 ಎಂಬ ಅರ್ಹತಾ ಪತ್ರವನ್ನು ಕೊಡುತ್ತದೆ. ಆ ಪತ್ರವನ್ನು ನೋಡಿ ಕಾನ್ಸುಲೇಟ್ ವೀಸಾ ಕೊಡುತ್ತದೆ. ವೀಸಾ ಹಿಡಿದು ಹೋದವರನ್ನು ಒಳಗೆ ಬಿಡುವುದೋ ಬೇಡವೋ ಎಂದು ವಿಮಾನ ನಿಲ್ದಾಣದ ವಲಸೆ ಅಧಿಕಾರಿ ತೀರ್ಮಾನಿಸುತ್ತಾರೆ. ನಂತರದ ಇಬ್ಬರು ಅಧಿಕಾರಿಗಳೂ ತಮ್ಮ ನಿರ್ಧಾರಕ್ಕೆ ಆಧಾರವಾಗಿ ನೋಡುವುದು ಆ ಮೊದಲ ಹಾಳೆಯನ್ನೇ.

ಆ ಹಾಳೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮೇಲ್ಭಾಗದಲ್ಲಿ ಎನ್ ಅಕ್ಷರದಿಂದ ಆರಂಭವಾಗುವ ಒಂದು ಸಂಖ್ಯೆ ಇರುತ್ತದೆ. ಅದು ಸೆವಿಸ್ ಎಂಬ ಸರ್ಕಾರಿ ಗಣಕ ವ್ಯವಸ್ಥೆಯಲ್ಲಿ ನಿಮ್ಮ ದಾಖಲೆಯ ಗುರುತು. ಮೊದಲ ಕಲಮಿನಲ್ಲಿ ನಿಮ್ಮ ಹೆಸರು ಮತ್ತು ಹುಟ್ಟಿದ ದಿನ, ಎರಡನೆಯದರಲ್ಲಿ ಕಾಲೇಜಿನ ಹೆಸರು, ಮೂರನೆಯದರಲ್ಲಿ ನಿಮ್ಮ ಕಾರ್ಯಕ್ರಮದ ಆರಂಭ ಮತ್ತು ಮುಕ್ತಾಯದ ದಿನಾಂಕ, ನಾಲ್ಕನೆಯದರಲ್ಲಿ ನೀವು ಯಾವ ವರ್ಗದ ವಿನಿಮಯ ಸಂದರ್ಶಕರು ಎಂಬುದು, ಐದನೆಯದರಲ್ಲಿ ನಿಮ್ಮ ಖರ್ಚಿನ ಹಣ ಎಲ್ಲಿಂದ ಎಷ್ಟು ಬರುತ್ತದೆ ಎಂಬುದು. ಅಮೆರಿಕದವರು ತಿಂಗಳನ್ನು ಮೊದಲು, ದಿನವನ್ನು ಆಮೇಲೆ ಬರೆಯುತ್ತಾರೆ. ಆದ್ದರಿಂದ 05-08 ಎಂಬುದು ಅವರಿಗೆ ಮೇ ತಿಂಗಳ ಎಂಟನೆಯ ದಿನ, ನಮಗೆ ಆಗಸ್ಟ್ ತಿಂಗಳ ಐದನೆಯ ದಿನ. ಹುಟ್ಟಿದ ದಿನವನ್ನು ಅಂಕಿಗಳಲ್ಲಷ್ಟೇ ಬರೆದು ಕಳುಹಿಸಿ, ಹಾಳೆಯಲ್ಲಿ ಅದು ತಿರುವುಮುರುವಾಗಿ ಬಂದು, ಸಂದರ್ಶನದ ಹಿಂದಿನ ವಾರ ಗಾಬರಿಯಿಂದ ನಮಗೆ ಪತ್ರ ಬರೆದವರನ್ನು ನಾನು ಕಂಡಿದ್ದೇನೆ. ತಿಂಗಳ ಹೆಸರನ್ನು ಅಕ್ಷರಗಳಲ್ಲಿ ಬರೆದರೆ ಈ ತೊಡಕೇ ಇರುವುದಿಲ್ಲ.

ನಾಲ್ಕನೆಯ ಕಲಮಿನ ಬಗ್ಗೆ ನಾನು ಹೆಚ್ಚು ಹೇಳಬೇಕಾಗಿದೆ, ಏಕೆಂದರೆ ಅಲ್ಲಿ ಬೀಳುವ ಎರಡು ಪದಗಳು ವಿದ್ವಾಂಸರ ಮುಂದಿನ ಹಲವು ವರ್ಷಗಳನ್ನು ನಿರ್ಧರಿಸಿಬಿಡುತ್ತವೆ. ಕಾಲೇಜಿಗೆ ಬರುವ ಅಧ್ಯಾಪಕರಿಗೆ ಮುಖ್ಯವಾಗಿ ಅನ್ವಯಿಸುವ ವರ್ಗಗಳು ಸಂಶೋಧನಾ ವಿದ್ವಾಂಸ, ಪ್ರಾಧ್ಯಾಪಕ ಮತ್ತು ಅಲ್ಪಾವಧಿ ವಿದ್ವಾಂಸ. ಮೊದಲ ಎರಡಕ್ಕೆ ಗರಿಷ್ಠ ಐದು ವರ್ಷಗಳ ಅವಕಾಶವಿದೆ. ಅಲ್ಪಾವಧಿಯದಕ್ಕೆ ಆರೇ ತಿಂಗಳು, ಅದನ್ನು ಮೀರಿ ವಿಸ್ತರಣೆ ಇಲ್ಲ. ಇಷ್ಟನ್ನೇ ನೋಡಿದವರಿಗೆ ಮೊದಲ ವರ್ಗವೇ ಲಾಭದಾಯಕವೆನಿಸುವುದು ಸಹಜ. ಆದರೆ ಸಂಶೋಧನಾ ವಿದ್ವಾಂಸ ಅಥವಾ ಪ್ರಾಧ್ಯಾಪಕ ಎಂಬ ವರ್ಗದಲ್ಲಿ ಬಂದವರು ಕಾರ್ಯಕ್ರಮ ಮುಗಿಸಿ ಹೊರಟರೆ, ಅವರು ಇದ್ದದ್ದು ಐದು ವರ್ಷವಾಗಿರಲಿ ಐದು ವಾರವಾಗಿರಲಿ, ಮುಂದಿನ 24 ತಿಂಗಳು ಅದೇ ಎರಡು ವರ್ಗಗಳಲ್ಲಿ ಮತ್ತೆ ಬರುವಂತಿಲ್ಲ. ಉಳಿದ ವರ್ಷಗಳನ್ನು ಗಂಟು ಕಟ್ಟಿಟ್ಟು ಇನ್ನೊಮ್ಮೆ ಬಳಸಿಕೊಳ್ಳಲು ಬರುವುದಿಲ್ಲ. ಅಲ್ಪಾವಧಿ ವಿದ್ವಾಂಸರಿಗೆ ಈ ನಿರ್ಬಂಧವಿಲ್ಲ.

ನನ್ನ ವಿಷಯದಲ್ಲಿ ಆದದ್ದು ಇದೇ. ನಾಲ್ಕು ತಿಂಗಳ ಕೆಲಸಕ್ಕೆಂದು ಕರೆದಿದ್ದ ಕಾಲೇಜೊಂದು ನನ್ನ ಹಾಳೆಯ ನಾಲ್ಕನೆಯ ಕಲಮಿನಲ್ಲಿ ಸಂಶೋಧನಾ ವಿದ್ವಾಂಸೆ ಎಂಬ ವರ್ಗವನ್ನು ಮುದ್ರಿಸಿ ಕಳುಹಿಸಿತು; ಅದಕ್ಕೂ ಅಲ್ಪಾವಧಿಗೂ ಇರುವ ವ್ಯತ್ಯಾಸವನ್ನು ಯಾರೂ ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಊರಿಗೆ ಮರಳಿದ ಏಳನೆಯ ತಿಂಗಳಿಗೆ ಅದೇ ವಿಭಾಗದವರು ಪೂರ್ತಿ ಒಂದು ವರ್ಷದ ಯೋಜನೆಗೆ ಹಣ ದೊರಕಿಸಿಕೊಂಡು ನನ್ನನ್ನು ಮತ್ತೆ ಕರೆದರು. ಆ ಪತ್ರವನ್ನು ಮನೆಯಲ್ಲಿ ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಿದ್ದೆ. ಹತ್ತು ದಿನಗಳ ನಂತರ, ಇನ್ನೂ ಹದಿನೇಳು ತಿಂಗಳು ಕಾಯದೆ ಅರ್ಹತಾ ಪತ್ರ ಕೊಡಲಾಗುವುದಿಲ್ಲವೆಂಬ ಉತ್ತರ ಬಂತು. ಯೋಜನೆ ಬೇರೆಯವರ ಪಾಲಾಯಿತು. ಆ ಕಚೇರಿಯವರು ಕೆಟ್ಟವರಾಗಿರಲಿಲ್ಲ, ಅವಸರದಲ್ಲಿದ್ದರು. ಆದರೆ ಅವರ ಅವಸರದ ಬೆಲೆಯನ್ನು ತೆತ್ತವಳು ನಾನು. ಮುಂದೆ ನಾನೇ ಅಂಥ ಕಚೇರಿಯ ಮೇಜಿನ ಆಚೆಗೆ ಕುಳಿತಾಗ ಈ ನೆನಪು ನನ್ನನ್ನು ಬಿಡಲಿಲ್ಲ.

ಇದಕ್ಕೆ ಜೊತೆಯಾದ ಇನ್ನೊಂದು ನಿಯಮವಿದೆ, ಅದು ದಂಪತಿಗಳಿಬ್ಬರೂ ಅಧ್ಯಾಪಕರಾಗಿರುವ ಮನೆಗಳಿಗೆ ವಿಶೇಷವಾಗಿ ತಟ್ಟುತ್ತದೆ. ಹಿಂದಿನ 12 ತಿಂಗಳಲ್ಲಿ ಆರು ತಿಂಗಳಿಗಿಂತ ಹೆಚ್ಚು ಕಾಲ ಜೆ ವರ್ಗದ ವೀಸಾದಲ್ಲಿ ಅಮೆರಿಕದಲ್ಲಿದ್ದವರು, ಅಲ್ಪಾವಧಿ ವಿದ್ವಾಂಸರಾಗಿದ್ದವರನ್ನು ಬಿಟ್ಟು, ಕೂಡಲೇ ಸಂಶೋಧನಾ ವಿದ್ವಾಂಸರಾಗಿ ಬರಲಾಗದು. ಜೆ-2 ವೀಸಾದಲ್ಲಿ ಪತಿಯ ಅಥವಾ ಪತ್ನಿಯ ಜೊತೆಗೆ ಹೋಗಿ ಮನೆ ನೋಡಿಕೊಂಡವರಿಗೂ ಈ ಲೆಕ್ಕ ಅನ್ವಯಿಸುತ್ತದೆ. ಪತಿ ಅಥವಾ ಪತ್ನಿ ಸಂಶೋಧನಾ ವಿದ್ವಾಂಸ ಅಥವಾ ಪ್ರಾಧ್ಯಾಪಕ ವರ್ಗದಲ್ಲಿದ್ದರೆ 24 ತಿಂಗಳ ನಿರ್ಬಂಧವೂ ಅನ್ವಯಿಸುತ್ತದೆ. ಗಂಡನ ಜೊತೆ ಒಂದು ವರ್ಷ ಇದ್ದು ಬಂದ ಹೆಣ್ಣುಮಗಳಿಗೆ, ತನ್ನ ಸ್ವಂತ ವಿದ್ವತ್ತಿನ ಬಲದಿಂದ ಆಹ್ವಾನ ಬಂದಾಗ ಈ ಅಡ್ಡಿ ಎದುರಾದರೆ ಆಗುವ ನೋವು ಸಣ್ಣದಲ್ಲ. ಜೆ-2 ಪಡೆದವರು ಅರ್ಜಿ ಹಾಕಿ ಕೆಲಸದ ಅನುಮತಿ ಪಡೆಯಬಹುದು ಎಂಬ ಅನುಕೂಲವನ್ನು ಎಲ್ಲರೂ ಹೇಳುತ್ತಾರೆ, ಈ ಅಡ್ಡಿಯನ್ನು ಹೇಳುವವರು ಕಡಿಮೆ.

ಇನ್ನು ಹೆಸರಿನ ವಿಷಯ. ನಮ್ಮಲ್ಲಿ ಮನೆತನದ ಹೆಸರು ಇಲ್ಲದವರು ಎಷ್ಟೋ ಮಂದಿ. ಊರಿನ ಹೆಸರಿನ ಒಂದು ಅಕ್ಷರ, ತಂದೆಯ ಹೆಸರಿನ ಒಂದು ಅಕ್ಷರ, ಆಮೇಲೆ ಸ್ವಂತ ಹೆಸರು: ಹಾಜರಿ ಪುಸ್ತಕದಲ್ಲಿ ಇಷ್ಟು ಸಾಕು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಎಂಬ ಜಾಗ ಖಾಲಿಯಿದ್ದರೆ ಅಮೆರಿಕದ ದಾಖಲೆಗಳಲ್ಲಿ ನಿಮ್ಮ ಹೆಸರೆಲ್ಲವೂ ಮನೆತನದ ಹೆಸರಿನ ಜಾಗಕ್ಕೆ ಹೋಗುತ್ತದೆ. ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಎಂಬ ಮೂರು ಅಕ್ಷರಗಳು ಕೂರುತ್ತವೆ. ಮೊದಲ ಹೆಸರು ತಿಳಿದಿಲ್ಲ ಎಂದು ಅದರ ಅರ್ಥ. ಆಮೇಲೆ ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಗ್ರಂಥಾಲಯದ ಗುರುತಿನ ಚೀಟಿಯಲ್ಲಿ ನಿಮ್ಮನ್ನು ‘ಫನೂ’ ಎಂದು ಕರೆಯುತ್ತಾರೆ. ಅರವತ್ತರ ಹತ್ತಿರದ ಒಬ್ಬ ಹಿರಿಯ ವಿದ್ವಾಂಸರು, ತಮ್ಮ ಕೋಣೆಯ ಬಾಗಿಲಿಗೆ ಆ ಹೆಸರಿನ ಫಲಕ ಹಾಕಿದ್ದನ್ನು ನೋಡಿ ಏನೂ ಹೇಳದೆ ನಿಂತದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಆದ್ದರಿಂದ ಹೊರದೇಶಕ್ಕೆ ಹೋಗುವ ಆಲೋಚನೆ ಇರುವವರು ಆಹ್ವಾನ ಬರುವುದಕ್ಕೂ ಮೊದಲೇ ಪಾಸ್‌ಪೋರ್ಟನ್ನು ಮರುವಿತರಣೆಗೆ ಹಾಕಿ, ಎರಡೂ ಜಾಗಗಳನ್ನು ತುಂಬಿಸಿಕೊಳ್ಳುವುದು ಒಳ್ಳೆಯದು. ಡಿಎಸ್-2019ರಲ್ಲಿ ಬರುವುದು ಪಾಸ್‌ಪೋರ್ಟಿನಲ್ಲಿರುವ ಹೆಸರೇ ಹೊರತು, ನಿಮ್ಮ ಪುಸ್ತಕಗಳ ಮೇಲಿನ ಹೆಸರಲ್ಲ.

ಹಾಳೆಯನ್ನು ಮುದ್ರಿಸುವ ಮೊದಲು ಕಾಲೇಜು ನಿಮ್ಮಿಂದ ಕೆಲವು ಆಧಾರಗಳನ್ನು ಕೇಳುತ್ತದೆ: ಖರ್ಚಿಗೆ ಸಾಕಷ್ಟು ಹಣವಿದೆ ಎಂಬುದಕ್ಕೆ ಪತ್ರ, ಕೆಲಸಕ್ಕೆ ಬೇಕಾದಷ್ಟು ಇಂಗ್ಲಿಷ್ ಬರುತ್ತದೆ ಎಂಬುದಕ್ಕೆ ಪರೀಕ್ಷೆಯ ಅಂಕ ಅಥವಾ ಶಿಕ್ಷಣ ಸಂಸ್ಥೆಯ ಪ್ರಮಾಣಪತ್ರ ಅಥವಾ ಕಾಲೇಜಿನವರೇ ವಿಡಿಯೋ ಮೂಲಕ ನಡೆಸಿ ದಾಖಲಿಸಿಕೊಂಡ ಸಂಭಾಷಣೆ. ಆರೋಗ್ಯ ವಿಮೆ ಕಡ್ಡಾಯ. ಪ್ರತಿ ಕಾಯಿಲೆಗೆ ಅಥವಾ ಅಪಘಾತಕ್ಕೆ ಕನಿಷ್ಠ 1,00,000 ಡಾಲರ್, ರೋಗಿಯನ್ನು ತಾಯ್ನಾಡಿಗೆ ಸಾಗಿಸಲು 50,000 ಡಾಲರ್, ತೀರಿಕೊಂಡರೆ ದೇಹವನ್ನು ಊರಿಗೆ ಕಳುಹಿಸಲು 25,000 ಡಾಲರ್ ವಿಮೆಯಲ್ಲಿ ಒಳಗೊಂಡಿರಬೇಕು. ಜೊತೆಗೆ ಬರುವ ಪತಿ, ಪತ್ನಿ, ಮಕ್ಕಳಿಗೂ ಇದೇ ನಿಯಮ. ಈ ಕಡೆ ನಮ್ಮ ವಿಶ್ವವಿದ್ಯಾಲಯದ ಕುಲಸಚಿವರ ಕಚೇರಿಯಿಂದ ರಜೆ ಮಂಜೂರಾತಿಯ ಆದೇಶವೂ ನಿರಾಕ್ಷೇಪಣಾ ಪತ್ರವೂ ಬರಬೇಕು. ಕಡತವೊಂದು ವಿಭಾಗದಿಂದ ಕುಲಸಚಿವರ ಮೇಜಿಗೆ ಹೋಗಿ ಮರಳಲು ಹಿಡಿಯುವ ಕಾಲವನ್ನು ನಮ್ಮವರು ಬಲ್ಲರು, ಅಮೆರಿಕದವರು ಅರಿಯರು. ನಾಲ್ಕೈದು ತಿಂಗಳು ಮೊದಲೇ ಕೆಲಸ ಶುರು ಮಾಡಿ ಎಂದು ನಾನು ಹೇಳುವುದು ಈ ಕಾರಣಕ್ಕೆ.

ಹಾಳೆ ಕೈಸೇರಿದ ಮೇಲೆ ಸೆವಿಸ್ ಶುಲ್ಕವೆಂದು 220 ಡಾಲರ್ ಕಟ್ಟಬೇಕು. ಡಿಎಸ್-160 ಎಂಬ ವೀಸಾ ಅರ್ಜಿಯನ್ನು ಆನ್‌ಲೈನಿನಲ್ಲಿ ತುಂಬಿ, 2023ರ ಜೂನ್‌ನಿಂದ ಜಾರಿಯಲ್ಲಿರುವ 185 ಡಾಲರ್ ಅರ್ಜಿ ಶುಲ್ಕವನ್ನು ಬೇರೆಯಾಗಿ ಕಟ್ಟಬೇಕು. ಆಮೇಲೆ ಎರಡು ಭೇಟಿಗಳು: ಬೆರಳಚ್ಚು ಮತ್ತು ಭಾವಚಿತ್ರಕ್ಕೆ ಅರ್ಜಿ ಕೇಂದ್ರದಲ್ಲಿ ಒಂದು, ಸಂದರ್ಶನಕ್ಕೆ ಕಾನ್ಸುಲೇಟಿನಲ್ಲಿ ಇನ್ನೊಂದು. ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ 2025ರ ಜನವರಿಯಲ್ಲಿ ಉದ್ಘಾಟನೆಯಾದರೂ ಆ ಹೊತ್ತಿಗೆ ಅಲ್ಲಿ ವೀಸಾ ಸೇವೆ ಇರಲಿಲ್ಲ. ಕರ್ನಾಟಕದವರು ಬಹುಕಾಲದಿಂದ ಹೋಗುತ್ತ ಬಂದಿರುವುದು ಚೆನ್ನೈಯ ಅಣ್ಣಾ ಸಾಲೈಯಲ್ಲಿರುವ ಕಾನ್ಸುಲೇಟಿಗೆ. 2025ರ ಜೂನ್‌ನಿಂದ ಜೆ ವೀಸಾ ಕೇಳುವವರು ತಮ್ಮ ಸಾಮಾಜಿಕ ಜಾಲತಾಣದ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕೆಂಬ ಸೂಚನೆಯೂ ಸೇರಿಕೊಂಡಿದೆ.

ಸಂದರ್ಶನ ಹೆಚ್ಚಿನ ವೇಳೆ ಕೆಲವೇ ನಿಮಿಷಗಳದು, ಗಾಜಿನ ಕಿಟಕಿಯ ಮುಂದೆ ನಿಂತುಕೊಂಡೇ ಮುಗಿಯುತ್ತದೆ. ನಿಮ್ಮ ಸಂಶೋಧನೆ ಏನು ಎಂಬ ಪ್ರಶ್ನೆಗೆ ಪಿಎಚ್.ಡಿ. ಪ್ರಬಂಧದ ಪೀಠಿಕೆಯನ್ನು ಒಪ್ಪಿಸಬಾರದು. ತೊಗರಿಯ ನೆಟೆರೋಗದ ಮೇಲೆ ಕೆಲಸ ಮಾಡುವ ಅಧ್ಯಾಪಕರೊಬ್ಬರಿಗೆ ನಾನು ಹೇಳಿಕೊಟ್ಟದ್ದು ಎರಡೇ ವಾಕ್ಯ: “ನಮ್ಮ ಕಡೆಯ ರೈತರು ಬೆಳೆಯುವ ಒಂದು ಬೇಳೆಯ ಗಿಡ ಬೇರಿನಿಂದ ಒಣಗಿಹೋಗುತ್ತದೆ. ಅದನ್ನು ತಡೆದುಕೊಳ್ಳುವ ತಳಿಯನ್ನು ಗುರುತಿಸುವ ವಿಧಾನವನ್ನು ಕಲಿತು ಮರಳಿ ಬರುತ್ತೇನೆ.” ಊರಿಗೆ ಮರಳಲು ಬಲವಾದ ಕಾರಣವಿದೆ ಎಂದು ಅಧಿಕಾರಿಗೆ ಮನವರಿಕೆಯಾಗದಿದ್ದರೆ ಅಮೆರಿಕದ ವಲಸೆ ಕಾನೂನಿನ 214(ಬಿ) ಕಲಮಿನಡಿ ವೀಸಾ ನಿರಾಕರಿಸುತ್ತಾರೆ, ಕಾಯಂ ಹುದ್ದೆಯ ರಜೆ ಆದೇಶ ಇಲ್ಲಿ ನೆರವಿಗೆ ಬರುತ್ತದೆ. ಕೆಲವು ವಿಜ್ಞಾನ ವಿಷಯಗಳವರಿಗೆ 221(ಜಿ) ಎಂಬ ಚೀಟಿ ಕೊಟ್ಟು, ಹೆಚ್ಚಿನ ಪರಿಶೀಲನೆಗೆಂದು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾಯಿಸುವುದೂ ಉಂಟು. ಆ ಚೀಟಿ ಕೈಗೆ ಬಂದ ದಿನವೇ ಕಾಲೇಜಿಗೆ ತಿಳಿಸಿದರೆ, ಆರಂಭದ ದಿನಾಂಕವನ್ನು ಅವರು ಮುಂದೂಡಬಲ್ಲರು.

ಒಂದೆರಡು ಉಪನ್ಯಾಸಕ್ಕಷ್ಟೇ ಹೋಗುವವರಿಗೆ ಜೆ-1 ಬೇಕಾಗಿಲ್ಲ. ಅಲ್ಪಕಾಲದ ವ್ಯವಹಾರ ಭೇಟಿಗೆಂದು ಕೊಡುವ ಬಿ-1 ವೀಸಾದಲ್ಲಿ ಹೋದವರು ಒಂದು ಸಂಸ್ಥೆಯಲ್ಲಿ ಒಂಬತ್ತು ದಿನ ಮೀರದಂತೆ, ಆರು ತಿಂಗಳಲ್ಲಿ ಐದು ಸಂಸ್ಥೆಗಳನ್ನು ಮೀರದಂತೆ ಗೌರವಧನ ಪಡೆಯಲು ಕಾನೂನಿನಲ್ಲಿಯೇ ಅವಕಾಶವಿದೆ.

ಎರಡು ವರ್ಷ ಸ್ವದೇಶದಲ್ಲಿರಬೇಕೆಂಬ ನಿಯಮದ ಬಗ್ಗೆ ಒಂದು ಮಾತು, ಏಕೆಂದರೆ ಇದನ್ನು 24 ತಿಂಗಳ ನಿರ್ಬಂಧದೊಂದಿಗೆ ಬೆರೆಸಿ ಗೊಂದಲಕ್ಕೆ ಬೀಳುವವರು ಬಹಳ. ಅದು ಉದ್ಯೋಗದ ಎಚ್ ವೀಸಾಕ್ಕೋ ಕಾಯಂ ವಾಸದ ಗ್ರೀನ್ ಕಾರ್ಡಿಗೋ ಅಡ್ಡಬರುವ ಬೇರೆಯೇ ನಿಯಮ. ಆಯಾ ದೇಶಕ್ಕೆ ಅಗತ್ಯವೆಂದು ಗುರುತಿಸಿದ ಪರಿಣತಿಗಳ ಪಟ್ಟಿಯ ಕಾರಣದಿಂದ ಹಿಂದೆ ಅನೇಕ ಭಾರತೀಯರಿಗೆ ಅದು ಅನ್ವಯಿಸುತ್ತಿತ್ತು. 2024ರ ಡಿಸೆಂಬರ್‌ನಲ್ಲಿ ಪ್ರಕಟವಾದ ಹೊಸ ಪಟ್ಟಿಯಲ್ಲಿ ಭಾರತದ ಹೆಸರಿಲ್ಲ. ಆದರೂ ಸರ್ಕಾರದ ಹಣದಿಂದ, ಉದಾಹರಣೆಗೆ ಫುಲ್‌ಬ್ರೈಟ್-ನೆಹರು ವೇತನದಿಂದ ಹೋದವರಿಗೆ ನಿಯಮ ಹಾಗೆಯೇ ಇದೆ.

ಕಾರ್ಯಕ್ರಮ ಆರಂಭವಾಗುವ ದಿನಾಂಕಕ್ಕೆ 30 ದಿನಗಳಿಗಿಂತ ಮುಂಚೆ ಅಮೆರಿಕವನ್ನು ಪ್ರವೇಶಿಸಲಾಗದು. ಹಾಳೆಯನ್ನು ಕೈಚೀಲದಲ್ಲಿ ಇಟ್ಟುಕೊಳ್ಳಬೇಕು, ದೊಡ್ಡ ಪೆಟ್ಟಿಗೆಯಲ್ಲಿ ಹಾಕಿ ವಿಮಾನದ ಹೊಟ್ಟೆಗೆ ಕಳುಹಿಸಬಾರದು. ತಲುಪಿದ ಮರುದಿನವೇ ಐ-94 ಎಂಬ ಪ್ರವೇಶ ದಾಖಲೆಯನ್ನು ತೆರೆದು, ಜೆ-1 ಎಂದೇ ನಮೂದಾಗಿದೆಯೇ ಎಂದು ನೋಡಬೇಕು. ಕಾಲೇಜಿನ ಕಚೇರಿಗೆ ಹೋಗಿ ವಿಳಾಸ ಕೊಟ್ಟರೆ ಅವರು ಸೆವಿಸ್‌ನಲ್ಲಿ ನಿಮ್ಮ ಆಗಮನವನ್ನು ದೃಢೀಕರಿಸುತ್ತಾರೆ. ಆರಂಭದ ದಿನಾಂಕದಿಂದ 30 ದಿನಗಳೊಳಗೆ ಇದು ಆಗದಿದ್ದರೆ ದಾಖಲೆ ಊರ್ಜಿತದಲ್ಲಿ ಉಳಿಯುವುದಿಲ್ಲ. ಮನೆ ಬದಲಿಸಿದರೆ ಹತ್ತು ದಿನಗಳಲ್ಲಿ ತಿಳಿಸಬೇಕು. ನಡುವೆ ಊರಿಗೆ ಬಂದು ಹೋಗುವವರು ಹಾಳೆಯ ಕೆಳಮೂಲೆಯಲ್ಲಿ ಕಾಲೇಜಿನ ಅಧಿಕಾರಿ ಪ್ರಯಾಣಕ್ಕೆಂದು ಹಾಕುವ ಸಹಿ ಇದೆಯೇ ಎಂದು ನೋಡಿಕೊಂಡೇ ವಿಮಾನ ಹತ್ತಬೇಕು.

ನಮ್ಮ ಕಚೇರಿಯಲ್ಲಿ ಹಾಳೆಯನ್ನು ಸಹಿಗೆ ಕಳುಹಿಸುವ ಮೊದಲು ನಾನು ಪ್ರತಿಯೊಬ್ಬ ವಿದ್ವಾಂಸರಿಗೂ ಫೋನ್ ಮಾಡುತ್ತಿದ್ದೆ. ಪಾಸ್‌ಪೋರ್ಟನ್ನು ಕೈಯಲ್ಲಿ ಹಿಡಿದು ಹೆಸರನ್ನು ಅಕ್ಷರ ಅಕ್ಷರವಾಗಿ ಓದಿ ಎಂದು ಕೇಳುತ್ತಿದ್ದೆ. ನೀವಾಗಲಿ ನಿಮ್ಮ ಮನೆಯವರಾಗಲಿ ಹಿಂದೆ ಜೆ ವೀಸಾದಲ್ಲಿ ಬಂದದ್ದುಂಟೇ ಎಂದು ವಿಚಾರಿಸುತ್ತಿದ್ದೆ. ಕೊನೆಗೆ, ಮುಂದಿನ ಎರಡು ವರ್ಷಗಳಲ್ಲಿ ಮತ್ತೆ ಬರುವ ಇರಾದೆ ಇದೆಯೇ ಎಂದು ಕೇಳುತ್ತಿದ್ದೆ. ಇದೆ ಎಂದವರಿಗೆ, ಕೆಲಸ ಆರು ತಿಂಗಳಿಗೆ ಒಳಪಟ್ಟಿದ್ದರೆ, ನಾಲ್ಕನೆಯ ಕಲಮಿನಲ್ಲಿ ಅಲ್ಪಾವಧಿ ಎಂದೇ ಬರೆಸುತ್ತಿದ್ದೆ. ಹಾಗೆ ಬರೆಸಿಕೊಂಡು ಹೋದವರಲ್ಲಿ ಒಬ್ಬರು, ಆ ತೊಗರಿಯ ಅಧ್ಯಾಪಕರು, ಮರುವರ್ಷವೇ ಒಂದು ವರ್ಷದ ಕೆಲಸಕ್ಕೆ ಮತ್ತೆ ಬಂದರು.

ನಮಸ್ಕಾರ.