ಮೆಷಿನ್ ತೋರಿಸುವ ಕೊಬ್ಬು, ಟೇಪು ತೋರಿಸುವ ಸೊಂಟ

ಕೇಳುಗರೆಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಈಗ ಜಿಮ್‌ಗಳಲ್ಲಷ್ಟೇ ಅಲ್ಲ, ಎಷ್ಟೋ ಮನೆಗಳಲ್ಲೂ ಮೈಕೊಬ್ಬು ತೋರಿಸುವ ತೂಕದ ಮೆಷಿನ್ ಇದೆ. ಬರಿಗಾಲಲ್ಲಿ ನಿಂತರೆ ಸಾಕು, ತೂಕ, ಕೊಬ್ಬು, ಸ್ನಾಯು, ನೀರು ಎಲ್ಲದರ ಲೆಕ್ಕ ಮೊಬೈಲಿಗೆ ಬಂದುಬಿಡುತ್ತದೆ. ಆಮೇಲೆ ಚಿಂತೆ ಶುರು. ಕೊಬ್ಬು ನಿನ್ನೆ ಶೇಕಡಾ 24 ಇತ್ತು, ಇವತ್ತು 27 ಆಗಿದೆ, ರಾತ್ರಿ ಒಂದು ಹೋಳಿಗೆ ಜಾಸ್ತಿ ತಿಂದಿದ್ದಕ್ಕೇ ಹೀಗಾಯ್ತಾ ಅಂತ ಕೇಳುತ್ತಾರೆ.

ಖಂಡಿತ ಅಲ್ಲ. ಲೆಕ್ಕ ಹಾಕಿ ನೋಡಿ. 70 ಕಿಲೋ ತೂಗುವವರಿಗೆ ಶೇಕಡಾ 3 ಅಂದರೆ ಎರಡು ಕಿಲೋಗೂ ಮೇಲೆ ಕೊಬ್ಬು. ಒಂದು ಕಿಲೋ ಮೈಕೊಬ್ಬಿಗೆ ಸುಮಾರು 7,700 ಕ್ಯಾಲೊರಿ. ಅಂದರೆ ಒಂದೇ ರಾತ್ರಿಯಲ್ಲಿ, ದಿನದ ಊಟ ಬಿಟ್ಟು, ಮೇಲೆ 16,000 ಕ್ಯಾಲೊರಿ ತಿಂದಿರಬೇಕು! ಯಾರಿಂದಲೂ ಆಗದ ಮಾತು. ಬದಲಾಗಿದ್ದು ಹೆಚ್ಚಾಗಿ ಮೈಯಲ್ಲಿರುವ ನೀರು.

ಯಾಕೆ ಅಂದರೆ ಈ ಮೆಷಿನ್ ಕೊಬ್ಬನ್ನು ನೇರವಾಗಿ ನೋಡುವುದೇ ಇಲ್ಲ. ನಮಗೆ ಗೊತ್ತೇ ಆಗದಷ್ಟು ಸಣ್ಣ ಕರೆಂಟನ್ನು ಒಂದು ಪಾದದಿಂದ ಹತ್ತಿಸಿ ಇನ್ನೊಂದರಿಂದ ಇಳಿಸುತ್ತದೆ. ಸ್ನಾಯುವಿನಲ್ಲಿ ನೀರು ಜಾಸ್ತಿ, ಕರೆಂಟು ಸಲೀಸಾಗಿ ಹರಿಯುತ್ತದೆ. ಕೊಬ್ಬಿನಲ್ಲಿ ನೀರು ಕಡಿಮೆ, ಅಲ್ಲಿ ತಡೆಯಾಗುತ್ತದೆ. ಆ ತಡೆಯನ್ನು ಅಳೆದು, ನೀವು ಕೊಟ್ಟ ಎತ್ತರ, ವಯಸ್ಸು, ಗಂಡೋ ಹೆಣ್ಣೋ ಅನ್ನುವುದನ್ನು ಸೇರಿಸಿ, ಒಂದು ಸೂತ್ರಕ್ಕೆ ಹಾಕಿ ಅಂದಾಜು ಹೇಳುತ್ತದೆ, ಅಷ್ಟೇ. ಅದರಲ್ಲೂ ಪಾದದಿಂದ ಪಾದಕ್ಕೆ ಹೋಗುವ ಕರೆಂಟು ಹೆಚ್ಚಾಗಿ ಕಾಲುಗಳಲ್ಲೇ ಓಡಾಡುವುದರಿಂದ ಹೊಟ್ಟೆಯ ವಿಷಯ ಅದಕ್ಕೆ ಸರಿಯಾಗಿ ತಿಳಿಯುವುದಿಲ್ಲ. ಕುಕ್ಕರಹಳ್ಳಿ ಕೆರೆ ಸುತ್ತಿ ಬೆವರು ಸುರಿಸಿಕೊಂಡು ಬಂದು ನಿಂತರೆ ಒಂದು ಅಂಕಿ, ಮುದ್ದೆ ಬಸ್ಸಾರು ಉಂಡು ನಿಂತರೆ ಇನ್ನೊಂದು.

ಡೆಕ್ಸಾ ಸ್ಕ್ಯಾನ್ ಎಷ್ಟೋ ವಾಸಿ. ಮೂಳೆ ಸವೆತ ನೋಡುವುದಕ್ಕೆ ಬಳಸುವ ಮೆಷಿನ್ ಅದು, ಎರಡು ಬಗೆಯ ಎಕ್ಸ್‌ರೇ ಹಾಯಿಸಿ ಮೂಳೆ, ಕೊಬ್ಬು, ಮಿಕ್ಕಿದ್ದನ್ನು ಬೇರೆಬೇರೆಯಾಗಿ ತೋರಿಸುತ್ತದೆ. ಆದರೆ ಅದರಲ್ಲೂ ಸ್ವಲ್ಪ ಹೆಚ್ಚುಕಮ್ಮಿ ಇದ್ದೇ ಇರುತ್ತದೆ, ವಾರವಾರ ಮಾಡಿಸುವಂಥದ್ದೂ ಅಲ್ಲ.

ಹಾಗಂತ ಮನೆಯ ಮೆಷಿನ್ ಮೂಲೆಗೆ ಹಾಕಬೇಡಿ. ಅದು ತೋರಿಸುವ ಅಂಕಿ ತಪ್ಪಿದ್ದರೂ, ಪ್ರತಿಸಲ ಒಂದೇ ಥರ ತಪ್ಪುತ್ತಿದ್ದರೆ ಏರಿಳಿತವಂತೂ ತಿಳಿಯುತ್ತದೆ, ಅಲ್ವಾ? ಅದಕ್ಕೇ ಬೆಳಿಗ್ಗೆ ಎದ್ದು, ಬಾತ್‌ರೂಮಿಗೆ ಹೋಗಿಬಂದು, ಕಾಫಿಗೂ ಮುಂಚೆ, ಒಣಗಿದ ಕಾಲಲ್ಲಿ, ಗಟ್ಟಿ ನೆಲದ ಮೇಲಿಟ್ಟ ಅದೇ ಮೆಷಿನ್ ಮೇಲೆ ನಿಲ್ಲಿ. ಒಂದು ದಿನದ ಅಂಕಿಗೆ ಬೆಲೆ ಕೊಡಬೇಡಿ. ಏಳು ದಿನದ ಸರಾಸರಿ ತೆಗೆದು, ಅದನ್ನು ಮುಂದಿನ ವಾರಗಳ ಸರಾಸರಿಗೆ ಹೋಲಿಸಿ. ಮುಟ್ಟಿನ ಆಸುಪಾಸಿನಲ್ಲಿ ಮೈಯಲ್ಲಿ ನೀರು ನಿಲ್ಲಬಹುದು, ಹಾಗಾಗಿ ಹೆಣ್ಣುಮಕ್ಕಳು ಹೋದ ತಿಂಗಳ ಅದೇ ದಿನಗಳಿಗೆ ಹೋಲಿಸುವುದು ಒಳ್ಳೆಯದು. ಪೇಸ್‌ಮೇಕರ್ ಹಾಕಿಸಿಕೊಂಡವರು ಮಾತ್ರ ಈ ಮೆಷಿನ್ ಹತ್ತಲೇಬಾರದು.

ಇಷ್ಟೆಲ್ಲ ಯಾಕೆ, ಬರೀ ತೂಕ ನೋಡಿಕೊಂಡರೆ ಸಾಲದಾ ಅಂದರೆ, ನಮ್ಮವರಿಗೆ ಸಾಲದು. ನಮ್ಮ ಮಿಷನ್ ಆಸ್ಪತ್ರೆಯಲ್ಲಿ, ಅಂದರೆ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, 1997-98ರಲ್ಲಿ ಗರ್ಭಿಣಿಯರನ್ನು ಸೇರಿಸಿಕೊಂಡು ಪಾರ್ಥೆನಾನ್ ಅನ್ನುವ ಅಧ್ಯಯನ ಶುರುವಾಯಿತು. ಹುಟ್ಟಿದ ಕೂಸುಗಳ ಚರ್ಮದ ಮಡಿಕೆಯನ್ನು ಕ್ಯಾಲಿಪರ್ ಅನ್ನುವ ಇಕ್ಕಳದಂಥ ಸಾಧನ ಹಿಡಿದು ಅಳೆದರು. ಬ್ರಿಟನ್ನಿನ ಕೂಸುಗಳಿಗಿಂತ ನಮ್ಮ ಕೂಸುಗಳ ತೂಕ ಕಡಿಮೆ, ಆದರೆ ಬೆನ್ನಿನ ಮೇಲೆ, ಭುಜದ ಮೂಳೆಯ ಕೆಳಗೆ, ಕೊಬ್ಬಿನ ಪದರ ಹೆಚ್ಚುಕಮ್ಮಿ ಅಷ್ಟೇ ದಪ್ಪ! ಪುಣೆಯ ಡಾಕ್ಟರ್ ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಡಾಕ್ಟರ್ ಯುಡ್ಕಿನ್ ತಮ್ಮನ್ನೇ ಅಳೆದುಕೊಂಡು 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಬ್ಬರ ಬಿಎಂಐಯೂ, ಅಂದರೆ ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ನೋಡುವ ಅಂಕಿ, 22.3. ಕೊಬ್ಬು ಮಾತ್ರ ಯುಡ್ಕಿನ್ನರಿಗೆ ಶೇಕಡಾ 9.1, ಯಾಜ್ಞಿಕರಿಗೆ 21.2. ತೆಳ್ಳಗಿದ್ದೀನಿ ಅಂತ ನೆಮ್ಮದಿಯಾಗಿರುವ ನಮ್ಮೂರ ಎಷ್ಟೋ ಜನ ಇದನ್ನು ಕೇಳಿಸಿಕೊಳ್ಳಬೇಕು ಅಂತ ನನ್ನ ಆಸೆ.

ಅದಕ್ಕೇ ಮೆಷಿನ್ ಜೊತೆಗೆ ದರ್ಜಿಯ ಟೇಪು ಇಟ್ಟುಕೊಳ್ಳಿ. ಬಟ್ಟೆಯ ಮೇಲಲ್ಲ, ಮೈಗೇ ತಾಗುವಂತೆ ಹಿಡಿಯಿರಿ. ಪಕ್ಕೆಯಲ್ಲಿ ಕೊನೆಯ ಎಲುಬು ಎಲ್ಲಿದೆ ಅಂತ ಬೆರಳಿನಿಂದ ಒತ್ತಿ ನೋಡಿ, ಸೊಂಟದ ಮೂಳೆಯ ಮೇಲಿನ ಅಂಚನ್ನೂ ಹುಡುಕಿ, ಎರಡರ ನಡುಮಧ್ಯೆ ಟೇಪು ಸುತ್ತಿ. ಹಿಂದೆ ಬೆನ್ನಿನಲ್ಲಿ ಟೇಪು ಜಾರಿದೆಯಾ ಅಂತ ಕನ್ನಡಿಯಲ್ಲಿ ನೋಡಿಕೊಳ್ಳಿ. ಹೊಟ್ಟೆ ಒಳಗೆಳೆದುಕೊಳ್ಳಬೇಡಿ. ಮಾಮೂಲಿಯಾಗಿ ಉಸಿರು ಬಿಟ್ಟು, ಟೇಪು ಚರ್ಮಕ್ಕೆ ಕಚ್ಚದ ಹಾಗೆ ಓದಿಕೊಳ್ಳಿ. ಎರಡು ಸಲ ಅಳೆಯಿರಿ. ನಮ್ಮ ದೇಶದವರಿಗೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ದಾಟಬಾರದು ಅಂತ ಲೆಕ್ಕ.

ಎರಡು ತಿಂಗಳಲ್ಲಿ ಮೆಷಿನ್ ಅಂಕಿ ಅಲ್ಲಾಡದೆ ಸೊಂಟ ಮೂರು ಸೆಂಟಿಮೀಟರ್ ಇಳಿದಿದ್ದರೆ ಟೇಪನ್ನೇ ನಂಬಿ. ತೂಕ ಹಾಗೇ ಇದ್ದು ಸೊಂಟ ಮಾತ್ರ ಏರುತ್ತಿದ್ದರೆ, ಸುಮ್ನೆ ಕೂರದೆ ಡಾಕ್ಟರ ಹತ್ತಿರ ಹೋಗಿ ಶುಗರ್, ಬಿಪಿ ನೋಡಿಸಿಕೊಳ್ಳಿ. ನಮಸ್ಕಾರ.