ಹೊಟ್ಟೆಹುಳು ಇದ್ದರೆ ಅಲರ್ಜಿ ಇಲ್ಲವೇ?

ಕೇಳುಗರೆಲ್ಲರಿಗೂ ನಮಸ್ಕಾರ.

ಹೊಟ್ಟೆಯಲ್ಲಿ ಜಂತುಹುಳು ಇರುವ ಮಕ್ಕಳಿಗೆ ಅಲರ್ಜಿ ಬರೋದಿಲ್ಲವಂತೆ, ಹಾಗಿದ್ದರೆ ಶಾಲೆಯಲ್ಲಿ ಕೊಡುವ ಮಾತ್ರೆ ತಿನ್ನಿಸಬೇಕೋ ಬೇಡವೋ? ಈಚೆಗೆ ಹೀಗೆ ಕೇಳುವ ತಾಯಂದಿರಿದ್ದಾರೆ. ಮೊಬೈಲಿನಲ್ಲಿ ಬಂದ ಮಾತು. ಪೂರಾ ಸುಳ್ಳಾಗಿದ್ದರೆ ತಳ್ಳಿಹಾಕಬಹುದಿತ್ತು. ಅರ್ಧ ನಿಜ, ಅದಕ್ಕೇ ತೊಡಕು.

ಆಫ್ರಿಕಾದ ಗ್ಯಾಬೊನ್ ದೇಶದಲ್ಲಿ ಲಾಂಬರೆನೆ ಅಂತ ಒಂದು ಊರು. ಆಲ್ಬರ್ಟ್ ಶ್ವೈಟ್ಸರ್ ಎಂಬ ವೈದ್ಯರು ಆಸ್ಪತ್ರೆ ಕಟ್ಟಿದ ಊರು ಅದು. ಅಲ್ಲಿನ ಶಾಲಾಮಕ್ಕಳಿಗೆ ಅಲರ್ಜಿ ಇದೆಯೇ ಎಂದು ತಿಳಿಯಲು ಸಂಶೋಧಕರು ಅವರ ತೋಳಿಗೆ ಮನೆಧೂಳಿನ ನುಸಿಯ ಸಾರ ಚುಚ್ಚಿ ನೋಡಿದರು. ಮೈಯಲ್ಲಿ ಶಿಸ್ಟೊಸೋಮ ಎಂಬ ಹುಳು ಇದ್ದವರಿಗೆ ಗಂಧೆ ಏಳುವುದು ಕಡಿಮೆ. ಈ ವರದಿ ಬಂದದ್ದು 2000ದಲ್ಲಿ. ಹುಳುವಿಗೆ ವರ್ಷಗಟ್ಟಲೆ ಒಳಗೇ ಬದುಕಬೇಕಲ್ಲ. ಅದರ ಸಹವಾಸದಲ್ಲಿ ನಮ್ಮ ದೇಹ ಇಂಟರ್‌ಲ್ಯೂಕಿನ್-10 ಎಂಬ ರಾಸಾಯನಿಕವನ್ನು ಹೆಚ್ಚು ಸುರಿಸುತ್ತದೆ, ರೋಗನಿರೋಧಕ ಕಣಗಳ ಆರ್ಭಟ ತಗ್ಗುತ್ತದೆ. ಮುಂದೆ 2004ರಲ್ಲಿ ಅದೇ ದೇಶದಿಂದ ಇನ್ನೊಂದು ವರದಿ: ಮಕ್ಕಳಿಗೆ ಹುಳುವಿನ ಔಷಧಿ ಮತ್ತೆ ಮತ್ತೆ ಕೊಟ್ಟಾಗ ನುಸಿಗೆ ಚರ್ಮ ಕೆರಳುವುದು ಹೆಚ್ಚಾಯಿತು.

ಮೊಬೈಲಿನ ಸುದ್ದಿ ಇಲ್ಲಿಗೇ ನಿಲ್ಲುತ್ತದೆ. ತೋಳಿನ ಮೇಲೆ ಗಂಧೆ ಏಳುವುದು ಬೇರೆ, ಮಗುವಿಗೆ ಉಬ್ಬಸ ಬರುವುದು ಬೇರೆ. ದಕ್ಷಿಣ ಅಮೆರಿಕದ ಈಕ್ವೆಡಾರಿನಲ್ಲಿ ಒಂದು ವರ್ಷ ಕಾಲ ಶಾಲಾಮಕ್ಕಳಿಗೆ ಆಲ್ಬೆಂಡಜೋಲ್ ಎಂಬ ಹುಳುವಿನ ಔಷಧಿ ಕೊಟ್ಟು ನೋಡಿದರು. ಅಲರ್ಜಿಯೂ ಹೆಚ್ಚಲಿಲ್ಲ, ಉಬ್ಬಸವೂ ಹೆಚ್ಚಲಿಲ್ಲ. ಇದು 2006ರ ವರದಿ. ಅದೇ ವರ್ಷ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಕೊಕ್ಕೆಹುಳು ಇದ್ದವರಲ್ಲಿ ಉಬ್ಬಸ ಕಡಿಮೆ, ದುಂಡುಹುಳು ಇದ್ದವರಲ್ಲಿ ಹೆಚ್ಚು ಎಂದು ಕಂಡಿತು. ದುಂಡುಹುಳುವಿನ ಟ್ರೋಪೊಮಯೊಸಿನ್ ಎಂಬ ಪ್ರೋಟೀನು ಧೂಳಿನ ನುಸಿಯದನ್ನೇ ಹೋಲುತ್ತದೆ. ಹುಳುವಿನ ಮೇಲೆ ಎದ್ದ ಸಿಟ್ಟು ನುಸಿಯ ಮೇಲೂ ತಿರುಗಬಹುದು. ಹಾಗಾಗಿ ಬರೀ ‘ಹುಳು’ ಅಂದರೆ ಸಾಲದು, ಯಾವ ಹುಳು ಅಂತ ಕೇಳಬೇಕು. ಉಗಾಂಡದಲ್ಲಂತೂ ಬಸುರಿಯರಿಗೆ ಆಲ್ಬೆಂಡಜೋಲ್ ಕೊಟ್ಟಾಗ ಹುಟ್ಟಿದ ಕೂಸುಗಳಲ್ಲಿ ಇಸುಬು ಹೆಚ್ಚು ಕಂಡಿತ್ತು. ಅದನ್ನು ಮುಚ್ಚಿಡುವುದು ಸರಿಯಲ್ಲ.

ಆದರೂ ಹುಳು ಇರಲಿ ಬಿಡಿ ಎಂದು ನಾನು ಹೇಳಲಾರೆ. ಅಲರ್ಜಿಯ ಬಾಯಿ ಮುಚ್ಚಿಸುವ ಆ ರಾಸಾಯನಿಕ ಲಸಿಕೆಯ ಕೆಲಸಕ್ಕೂ ಅಡ್ಡ ಬರಬಹುದು. ಈಕ್ವೆಡಾರಿನಲ್ಲೇ, ದುಂಡುಹುಳು ಇದ್ದ ಮಕ್ಕಳಿಗೆ ಮೊದಲು ಔಷಧಿ ಕೊಟ್ಟು ಆಮೇಲೆ ಕಾಲರಾ ಲಸಿಕೆ ಕುಡಿಸಿದಾಗ ಅದು ಹೆಚ್ಚು ಹತ್ತಿತು. ಇನ್ನು ಕೊಕ್ಕೆಹುಳು. ಅದರ ಒಂದು ಜಾತಿ, ಒಂದೊಂದು ಹುಳುವೂ ದಿನಕ್ಕೆ ಸುಮಾರು 0.2 ಮಿಲಿಲೀಟರಿನಷ್ಟು ರಕ್ತ ಕಳೆಯುತ್ತದೆ. ಕರುಳಿನಲ್ಲಿ ಅಂಥವು ನೂರಿದ್ದರೆ ಲೆಕ್ಕ ನೀವೇ ಹಾಕಿ. ಮೊದಲೇ ರಕ್ತ ಕಡಿಮೆ ಇರುವ ನಮ್ಮ ಹೆಣ್ಣುಮಕ್ಕಳಿಗೆ ಅಲರ್ಜಿಯ ನೆಪದಲ್ಲಿ ಈ ಬಾಡಿಗೆದಾರ ಬೇಕೆ?

ಫೆಬ್ರವರಿ 10, ಆಗಸ್ಟ್ 10ರ ಸುಮಾರಿಗೆ ಶಾಲೆ, ಅಂಗನವಾಡಿಗಳಲ್ಲಿ ಮಾತ್ರೆ ಕೊಡುತ್ತಾರೆ. ಒಂದರಿಂದ ಎರಡು ವರ್ಷದ ಕೂಸಿಗೆ ಅರ್ಧ, ಪುಡಿ ಮಾಡಿ ನೀರಿನಲ್ಲಿ ಕದಡಿ. ದೊಡ್ಡ ಮಕ್ಕಳಿಗೆ 400 ಮಿಲಿಗ್ರಾಮಿನ ಇಡೀ ಮಾತ್ರೆ; ನುಂಗುವುದಲ್ಲ, ಜಗಿದು ತಿನ್ನಬೇಕು. ಹುಳು ಬಹಳ ಇದ್ದ ಮಗುವಿಗೆ ಅಂದು ಹೊಟ್ಟೆನೋವು, ವಾಕರಿಕೆ ಬರಬಹುದು. ಸಾಮಾನ್ಯವಾಗಿ ಸ್ವಲ್ಪ ಹೊತ್ತಿನಲ್ಲಿ ತಾನೇ ಇಳಿಯುತ್ತದೆ. ಜ್ವರವಿದ್ದರೆ ಮಾತ್ರ ಟೀಚರಿಗೆ ಮೊದಲೇ ತಿಳಿಸಿ, ವಾಸಿಯಾದ ಮೇಲೆ ಕೊಡಿಸಿ. ನಮಸ್ಕಾರ.